ಅರ್ಜಿಯ ಕೆಳಗಿನ ಸಹಿ

ನಮ್ಮ ಹಿರಿಯರ ಕಾಲದಲ್ಲಿ ದೂರದ ಪ್ರಯಾಣವೆಂದರೆ ಸಮ್ಮೇದಶಿಖರಜಿಯ ಯಾತ್ರೆ. ಹೊರಡುವ ಮುನ್ನ ಸಾಲ ತೀರಿಸಿ, ಅಂಗಡಿಯ ಲೆಕ್ಕವನ್ನು ಮನೆಯ ಹಿರಿಯ ಮಗನಿಗೆ ಒಪ್ಪಿಸಿ, ಬಂಧುಗಳಲ್ಲಿ ಕ್ಷಮೆ ಕೇಳಿ ಹೊರಡುವ ಪದ್ಧತಿಯಿತ್ತು. ಈಗ ಅರವತ್ತು ದಾಟಿದ ಶ್ರಾವಕ ದಂಪತಿಗಳು ಕೈಗೊಳ್ಳುವ ದೂರದ ಪ್ರಯಾಣವು ಬಹುಮಟ್ಟಿಗೆ ಮಕ್ಕಳ ಮನೆಗೆ. ಆ ಮನೆಯು ನ್ಯೂಜೆರ್ಸಿಯಲ್ಲೋ, ಟೊರಾಂಟೋದಲ್ಲೋ, ಸಿಡ್ನಿಯಲ್ಲೋ ಇರುತ್ತದೆ. ಸಿದ್ಧತೆಯ ಸ್ವರೂಪವೂ ಬದಲಾಗಿದೆ. ಕ್ಷಮೆ ಕೇಳುವ ಬದಲು ಅರ್ಜಿಗಳನ್ನು ತುಂಬಬೇಕಾಗಿದೆ. ಆ ಅರ್ಜಿಗಳ ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲವೂ ಸತ್ಯವೆಂಬ ಒಂದು ಸಾಲು ಇರುತ್ತದೆ. ಅದರ ಕೆಳಗೆ ಸಹಿಗೆ ಜಾಗ. ಹಾಸನದ ಜವಳಿ ವ್ಯಾಪಾರಿಯೊಬ್ಬರು ಆ ಒಂದು ಸಾಲಿನಿಂದ ಪಟ್ಟ ಪಾಡು ವಾಚಕರ ಮನೆಗಳಲ್ಲಿಯೂ ಒಂದಲ್ಲ ಒಂದು ದಿನ ಎದುರಾಗತಕ್ಕದ್ದು.

ಅವರಿಗೆ ಆಗ ಎಪ್ಪತ್ತೊಂದು ವರ್ಷ, ಪತ್ನಿಗೆ ಅರವತ್ತಾರು. ಮೈಸೂರಿನಲ್ಲಿ ಬಿ.ಕಾಂ. ಓದಿ, ತಂದೆಯವರ ಅಂಗಡಿಯಲ್ಲಿ ಕಿರ್ದಿ ಬರೆಯುತ್ತಲೇ ವ್ಯಾಪಾರ ಕಲಿತವರು. ಬಸದಿಯ ಟ್ರಸ್ಟಿನಲ್ಲಿ ಹದಿನಾಲ್ಕು ವರ್ಷ ಖಜಾಂಚಿ. ಟ್ರಸ್ಟಿನ ವೈದ್ಯಕೀಯ ನೆರವಿನ ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಹೊಣೆಯೂ ಅವರದೇ. ಆ ಕೆಲಸದಲ್ಲಿ ಬಹಳ ಕಟ್ಟುನಿಟ್ಟೆಂದು ಊರಿನಲ್ಲಿ ಹೆಸರು. ಒಬ್ಬಳೇ ಮಗಳು ಮದುವೆಯಾಗಿ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿದ್ದಾಳೆ. 2024ರ ಜೂನ್ ತಿಂಗಳಲ್ಲಿ ಅವಳಿಗೆ ಎರಡನೆಯ ಹೆರಿಗೆಯೆಂದು ತಿಳಿದಾಗ, ಬಾಣಂತನಕ್ಕೆ ತಾಯಿ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ. ತಾಯಿಯೊಬ್ಬರೇ ಹೋಗುವುದೂ ಸಾಧ್ಯವಿರಲಿಲ್ಲ. ಆಕೆಗೆ ಇಂಗ್ಲಿಷ್ ಬಾರದು.

ವೀಸಾದ ವಿಷಯ ಮೊದಲು. ಕರ್ನಾಟಕದವರ ಅರ್ಜಿಗಳು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗುತ್ತವೆ. 2023ರ ಜೂನ್ 17ರಿಂದ ಸಂದರ್ಶಕ ವೀಸಾದ ಶುಲ್ಕವು 160ರಿಂದ 185 ಡಾಲರಿಗೆ ಏರಿತ್ತು, ಇಬ್ಬರಿಗೆ 370. ವೀಸಾ ಸಿಗಲಿ ಬಿಡಲಿ, ಆ ಹಣ ಹಿಂದಕ್ಕೆ ಬಾರದು. ಕೊರೋನಾ ಕಾಲದ ಮುಚ್ಚುಗಡೆಯ ನಂತರ, 2022ರ ಕೊನೆಯಲ್ಲಿ, ಹೊಸದಾಗಿ ಸಂದರ್ಶಕ ವೀಸಾ ಕೇಳುವವರು ಭಾರತದ ಹಲವು ಕೇಂದ್ರಗಳಲ್ಲಿ ಐನೂರು ದಿನಗಳಿಗೂ ಹೆಚ್ಚು ಕಾಯಬೇಕಾಗಿತ್ತು. ಇವರ ಅದೃಷ್ಟಕ್ಕೆ ಯಾರೋ ಬಿಟ್ಟುಕೊಟ್ಟ ದಿನವೊಂದು 2024ರ ಫೆಬ್ರವರಿಯಲ್ಲಿ ಸಿಕ್ಕಿತು. ಹಿಂದಿನ ದಿನ ಬೆರಳಚ್ಚು ಮತ್ತು ಭಾವಚಿತ್ರ, ಮರುದಿನ ಜೆಮಿನಿ ವೃತ್ತದ ಬಳಿಯ ಕಾನ್ಸುಲೇಟಿನಲ್ಲಿ ಸಂದರ್ಶನ.

ಅರ್ಜಿ ತುಂಬಿಕೊಟ್ಟ ಪ್ರಯಾಣದ ಏಜೆಂಟನು ಒಂದು ಬುದ್ಧಿಮಾತು ಹೇಳಿದ್ದನು: “ಯಜಮಾನರೇ, ಬಾಣಂತನದ ಮಾತೇ ಎತ್ತಬೇಡಿ. ಊರು ನೋಡುವುದಕ್ಕೆ ಹೋಗುತ್ತೇವೆ ಎಂದುಬಿಡಿ. ನಯಾಗರಾ ಜಲಪಾತ ಎಂದರೆ ಸಾಕು.” ಇಂಥ ಸಲಹೆಯು ಊರೂರಲ್ಲಿ ಉಚಿತವಾಗಿ ಸಿಗುತ್ತದೆ. ಅಮೆರಿಕದ ವಲಸೆ ಕಾನೂನಿನ 214(ಬಿ) ವಿಧಿಯ ಪ್ರಕಾರ, ಸಂದರ್ಶಕನಾಗಿ ಬರಲು ಇಚ್ಛಿಸುವ ಪ್ರತಿಯೊಬ್ಬನನ್ನೂ, ಅವನು ಅಲ್ಲಿಯೇ ಉಳಿಯಲು ಬಯಸಿದವನೆಂದೇ ಮೊದಲು ಭಾವಿಸಲಾಗುತ್ತದೆ. ಹಿಂದಿರುಗಿ ಬರುವನೆಂದು ತೋರಿಸಿಕೊಡುವ ಹೊಣೆ ಅರ್ಜಿದಾರನದು. ಆದುದರಿಂದ ಏಜೆಂಟರ ಭಯಕ್ಕೆ ಸ್ವಲ್ಪ ಕಾರಣವಿದೆ. ಆದರೆ ಮಗಳ ಹೆರಿಗೆಗೆ ತಾಯಿ ಹೋಗುವುದು ಮರೆಮಾಚಬೇಕಾದ ಅಪರಾಧವೇನಲ್ಲ; ಅಲ್ಲಿ ಸಂಬಳಕ್ಕೆ ದುಡಿಯುವುದು ಮಾತ್ರ ನಿಷಿದ್ಧ.

ಗಾಜಿನ ಆಚೆ ಕುಳಿತಿದ್ದ ಯುವ ಅಧಿಕಾರಿಣಿಯು ಏಕೆ ಹೋಗುತ್ತೀರೆಂದು ಕೇಳಿದಾಗ, ಹಿರಿಯರು ಏಜೆಂಟನ ಜಲಪಾತವನ್ನು ಬಿಟ್ಟು, ಮಗಳ ಹೆರಿಗೆಯನ್ನೇ ಹೇಳಿದರು. ಯಾವಾಗ ಹಿಂದಿರುಗುತ್ತೀರೆಂಬ ಪ್ರಶ್ನೆಗೆ, ಸೆಪ್ಟೆಂಬರಿನ ದಶಲಕ್ಷಣ ಪರ್ವಕ್ಕೆ ಊರಿನಲ್ಲಿರಬೇಕು, ದೀಪಾವಳಿಗೆ ಅಂಗಡಿಯ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಬೇಕು, ಆ ಪೂಜೆಯನ್ನು ನಲವತ್ತಾರು ವರ್ಷಗಳಿಂದ ತಪ್ಪಿಸಿಲ್ಲ ಎಂದರು. ದುಭಾಷಿಯ ಮೂಲಕ ಪತ್ನಿಗೂ ಒಂದು ಪ್ರಶ್ನೆ ಬಂದಿತು: ಮೊದಲ ಮೊಮ್ಮಗುವಿಗೆ ಎಷ್ಟು ವಯಸ್ಸು? ಆಕೆ ವರ್ಷ, ತಿಂಗಳು, ನಕ್ಷತ್ರ ಸಹಿತ ಹೇಳಿದರು. ದುಭಾಷಿಯು ನಕ್ಷತ್ರವನ್ನು ಬಿಟ್ಟು ಉಳಿದುದನ್ನು ಅನುವಾದಿಸಿದನಂತೆ. ಮೂರು ನಿಮಿಷದಲ್ಲಿ ಮುಗಿಯಿತು. ಹತ್ತು ವರ್ಷದ ವೀಸಾ ದೊರೆಯಿತು. ಆ ಹತ್ತು ವರ್ಷವೆಂಬುದು ಬಾಗಿಲು ತಟ್ಟುವ ಅವಧಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿಯು ಐ-94 ಎಂಬ ದಾಖಲೆಯಲ್ಲಿ ನಿಗದಿ ಮಾಡುತ್ತಾನೆ; ಸಾಮಾನ್ಯವಾಗಿ ಆರು ತಿಂಗಳು. ಇದನ್ನು ತಿಳಿಯದೆ, ವೀಸಾದ ಮೇಲಿನ ತಾರೀಖನ್ನೇ ನಂಬಿ ಕುಳಿತು ತೊಂದರೆಗೆ ಸಿಕ್ಕಿದ ಹಿರಿಯರಿದ್ದಾರೆ.

ವಿಮೆಯ ವಿಷಯ ಇಷ್ಟು ಸರಳವಾಗಿರಲಿಲ್ಲ.

ಕೆಲವು ದೇಶಗಳು ವಿಮೆಯಿಲ್ಲದೆ ಹಿರಿಯರನ್ನು ಒಳಗೆ ಬಿಡುವುದಿಲ್ಲ. ಕೆನಡಾವು 2011ರಲ್ಲಿ ಆರಂಭಿಸಿದ, ತಂದೆ-ತಾಯಿ ಮತ್ತು ಅಜ್ಜ-ಅಜ್ಜಿಯರ ಸೂಪರ್ ವೀಸಾಕ್ಕೆ, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ವೈದ್ಯಕೀಯ ವಿಮೆ ಕಡ್ಡಾಯ. ಯೂರೋಪಿನ ಷೆಂಗೆನ್ ದೇಶಗಳಿಗೆ ಮೂವತ್ತು ಸಾವಿರ ಯೂರೋ. ಅಮೆರಿಕವು ಸಂದರ್ಶಕರಿಗೆ ಅಂಥ ಷರತ್ತು ವಿಧಿಸಿಲ್ಲವಾದ್ದರಿಂದ, ಎಲ್ಲಕ್ಕಿಂತ ದುಬಾರಿ ಚಿಕಿತ್ಸೆಯ ದೇಶಕ್ಕೇ ವಿಮೆಯಿಲ್ಲದೆ ಹೋಗಿಬರುವವರು ಉಂಟು. ಅಲ್ಲಿ ಮುದುಕರನ್ನು ಸರ್ಕಾರವೇ ನೋಡಿಕೊಳ್ಳುತ್ತದೆಯೆಂಬ ತಪ್ಪು ತಿಳಿವಳಿಕೆಯೂ ಇದಕ್ಕೆ ಕಾರಣ. ಅರವತ್ತೈದು ದಾಟಿದವರಿಗಾಗಿ ಇರುವ ಮೆಡಿಕೇರ್ ಎಂಬುದು ಅಲ್ಲಿಯ ನಾಗರಿಕರಿಗೆ ಮತ್ತು ಕಾಯಂ ವಾಸಿಗಳಿಗೆ. ಕಾಯಂ ವಾಸಿಯಾಗಿ ಹೋದ ಹಿರಿಯರೂ ಹಣ ಕಟ್ಟಿ ಅದನ್ನು ಕೊಳ್ಳಬೇಕಾದರೆ ಮೊದಲು ಐದು ವರ್ಷ ಅಲ್ಲಿ ಸತತವಾಗಿ ನೆಲೆಸಿರಬೇಕು. ಮೂರು ತಿಂಗಳ ಅತಿಥಿಗೆ ಅದರ ನೆರಳೂ ಬೀಳುವುದಿಲ್ಲ.

ಕೊಲಂಬಸ್ಸಿನಿಂದ ಅಳಿಯನು ಅಲ್ಲಿಯ ಕಂಪನಿಗಳ ಯೋಜನೆಗಳನ್ನು ಹುಡುಕಿದನು. ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಕೋಣೆಗೆ ದಿನಕ್ಕಿಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ನಿಗದಿತ ಮೊತ್ತ ಮಾತ್ರ. ಬಿಲ್ಲು ಅದರ ಹತ್ತು ಪಟ್ಟಾದರೂ ಕಂಪನಿಗೆ ಸಂಬಂಧವಿಲ್ಲ. ಪ್ರೀಮಿಯಂ ಕಡಿಮೆಯೆಂದು ಜನ ಮರುಳಾಗುವುದು ಇದಕ್ಕೇ. ಇನ್ನೊಂದು ಸಮಗ್ರ ಯೋಜನೆ. ಆರಂಭದ ಒಂದಿಷ್ಟು ಮೊತ್ತವನ್ನು ರೋಗಿ ಭರಿಸಿದ ಮೇಲೆ ಉಳಿದುದರ ಬಹುಭಾಗವನ್ನು ಕಂಪನಿ ಕೊಡುತ್ತದೆ. ಆದರೆ ಮೊದಲೇ ಇದ್ದ ಕಾಯಿಲೆಗೆ ಎರಡರಲ್ಲಿಯೂ ರಕ್ಷಣೆಯಿಲ್ಲ. ಹಳೆಯ ಕಾಯಿಲೆ ಮುನ್ಸೂಚನೆಯಿಲ್ಲದೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೆಲವು ಸಮಗ್ರ ಯೋಜನೆಗಳು ಕೊಡುತ್ತವೆ, ಮತ್ತು ಆ ಸೌಲಭ್ಯವು ಎಷ್ಟೋ ಯೋಜನೆಗಳಲ್ಲಿ ಎಪ್ಪತ್ತನೆಯ ವರ್ಷಕ್ಕೆ ನಿಂತುಹೋಗುತ್ತದೆ. ಹಿರಿಯರಿಗೆ 2017ರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ವಯಸ್ಸೋ ಎಪ್ಪತ್ತೊಂದು. ಯಾವಾಗ ರಕ್ಷಣೆ ಬೇಕೋ ಆಗ ಬಾಗಿಲು ಮುಚ್ಚುವುದು ವಿಮೆಯ ಜಾಯಮಾನ. ಛತ್ರಿ ಮಾರುವವನು ಮಳೆಗಾಲದಲ್ಲಿ ಅಂಗಡಿ ಮುಚ್ಚಿದ ಹಾಗೆ.

ಕೊನೆಗೆ ಭಾರತದ ಕಂಪನಿಯೊಂದರ ಪ್ರವಾಸ ವಿಮೆಯನ್ನು ಆರಿಸಿದರು. ಮೊದಲೇ ಇದ್ದ ಕಾಯಿಲೆಯಿಂದ ಪ್ರಾಣಾಪಾಯ ಒದಗಿದಲ್ಲಿ ಹತ್ತು ಸಾವಿರ ಡಾಲರಿನ ಮಿತಿಯಲ್ಲಿ ಕೊಡುವುದಾಗಿ ಅದರಲ್ಲಿ ಒಂದು ಕಲಮು ಇತ್ತು. ಆ ಕಾಯಿಲೆಯನ್ನು ಅರ್ಜಿಯಲ್ಲಿ ತಿಳಿಸಿರಬೇಕು ಎಂಬುದು ಷರತ್ತು. ಏಜೆಂಟನು ಅರ್ಜಿಯನ್ನು ಸಿದ್ಧಪಡಿಸಿ ಸಹಿಗೆ ಮುಂದಿಟ್ಟನು. ಹೃದಯದ ಕಾಯಿಲೆ ಇದೆಯೇ, ಸಕ್ಕರೆ ಇದೆಯೇ, ರಕ್ತದೊತ್ತಡ ಇದೆಯೇ, ಹಿಂದೆ ಆಸ್ಪತ್ರೆಗೆ ಸೇರಿದ್ದುಂಟೇ ಎಂಬ ಪ್ರಶ್ನೆಗಳ ಎದುರು ಒಂದೇ ಕೈಬರಹದಲ್ಲಿ ಒಂದೇ ಶಬ್ದ: ಇಲ್ಲ.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. “ಇದು ನನ್ನ ಅರ್ಜಿಯೇ?”

“ಎಲ್ಲರಿಗೂ ಹೀಗೆಯೇ ಬರೆಯುವುದು ಯಜಮಾನರೇ. ಇದೆ ಎಂದು ಬರೆದರೆ ರಿಪೋರ್ಟು ಕೇಳುತ್ತಾರೆ, ಪ್ರೀಮಿಯಂ ಏರಿಸುತ್ತಾರೆ, ಇಲ್ಲವೇ ಕೊಡುವುದೇ ಇಲ್ಲ. ಮೂರು ತಿಂಗಳಲ್ಲಿ ಏನಾಗುತ್ತದೆ?”

ಕಾಲೇಜಿನಲ್ಲಿ ಓದಿದ ವಿಮಾ ತತ್ತ್ವವು ಅವರಿಗೆ ಮರೆತಿರಲಿಲ್ಲ. ವಿಮೆಯ ಕರಾರಿಗೆ ಲ್ಯಾಟಿನ್ನಿನಲ್ಲಿ ಉಬೆರಿಮಾ ಫೈಡೆ, ಅಂದರೆ ಪರಮ ಸದ್ಭಾವದ ಕರಾರು ಎಂದು ಹೆಸರು. ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರ ಮೊಕದ್ದಮೆಯೊಂದರಲ್ಲಿ ಇದನ್ನು ಪ್ರತಿಪಾದಿಸಿದನು. ಬಟ್ಟೆ ಕೊಳ್ಳುವವನು ಕೈಯಿಂದ ಮುಟ್ಟಿ ನೋಡಬಲ್ಲನು. ವಿಮೆ ಮಾಡುವವನಿಗೆ ಎದುರಿನವನ ಎದೆಯೊಳಗೇನಿದೆಯೆಂದು ಕಾಣುವುದಿಲ್ಲ. ಅವನು ಹೇಳಿದ್ದನ್ನೇ ನಂಬಬೇಕು. ಆದುದರಿಂದ ಕೇಳಿದ್ದಕ್ಕೆ ಸುಳ್ಳು ಹೇಳದಿರುವುದಷ್ಟೇ ಸಾಲದು, ಮುಖ್ಯವಾದುದನ್ನು ಮುಚ್ಚಿಡಲೂ ಕೂಡದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು ಪ್ರತ್ಯೇಕವಾಗಿ ಹೇಳಿದ್ದಾರೆ. ಬಾಯಿಯ ಸುಳ್ಳು ಬೇರೆ, ಬರೆದ ಸುಳ್ಳು ಬೇರೆಯೆಂಬ ಅರಿವು ವ್ಯಾಪಾರಿಗಳ ನಡುವೆ ಬಾಳಿದ ಧರ್ಮಕ್ಕೆ ಸಹಜವಾಗಿಯೇ ಇತ್ತು.

ಅವರು ಹೊಸ ಅರ್ಜಿ ತರಿಸಿ ತಾವೇ ಬರೆದರು. ಸ್ಟೆಂಟಿನ ತಾರೀಖು, ನುಂಗುವ ಆರು ಮಾತ್ರೆಗಳ ಹೆಸರು, ಸಕ್ಕರೆಯ ಪ್ರಮಾಣ, ಎಲ್ಲವನ್ನೂ. ಕಂಪನಿ ರಿಪೋರ್ಟುಗಳನ್ನು ಕೇಳಿತು. ಹತ್ತು ದಿನ ತಡವಾಯಿತು. ಪ್ರೀಮಿಯಂ ಎಂಟು ಸಾವಿರ ರೂಪಾಯಿ ಹೆಚ್ಚಾಯಿತು. ಪಾಲಿಸಿಯ ಪಟ್ಟಿಯಲ್ಲಿ, ಅಲ್ಲಿಯೇ ಮರಣ ಸಂಭವಿಸಿದರೆ ದೇಹವನ್ನು ಊರಿಗೆ ಕಳುಹಿಸುವ ವೆಚ್ಚದ ಕಲಮೂ ಇತ್ತು. ಪತ್ನಿಗೆ ಓದಿ ಹೇಳುವಾಗ ಅದೊಂದನ್ನು ಹಾರಿಸಿದರು. ಇದು ಯಾವ ಅತಿಚಾರಕ್ಕೆ ಸೇರುತ್ತದೆಯೋ ಪಂಡಿತರು ಹೇಳಬೇಕು.

ಮೇ ತಿಂಗಳ ನಡುವಿನಲ್ಲಿ ಕೊಲಂಬಸ್ ತಲುಪಿದರು. ಜೂನ್ ಮೊದಲ ವಾರ ಹೆಣ್ಣು ಮಗು. ಆ ಊರಿನಲ್ಲಿ ಬೇಸಿಗೆಯ ಸೂರ್ಯ ರಾತ್ರಿ ಒಂಬತ್ತರವರೆಗೆ ಮುಳುಗುವುದಿಲ್ಲವಾದ್ದರಿಂದ, ಸಂಜೆಯೊಳಗೆ ಊಟ ಮುಗಿಸುವ ಆತುರವಿಲ್ಲದೆ ಅಳಿಯ ಕೆಲಸದಿಂದ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಸುಖ ದೊರೆಯಿತು. ಜುಲೈ ಹನ್ನೊಂದರ ರಾತ್ರಿ ಹಿರಿಯರಿಗೆ ಎದೆಯಲ್ಲಿ ಒತ್ತಿದಂತಾಯಿತು. ಎದ್ದು ಕುಳಿತರು. ನೋವು ಎಡ ತೋಳಿಗೆ ಇಳಿಯಿತು. ಅದೇನೆಂದು ಅವರಿಗೆ ಗೊತ್ತಿತ್ತು. 2017ರಲ್ಲಿ ಒಮ್ಮೆ ಕಂಡಿದ್ದರು.

ಎರಡು ಗಂಟೆಗಳ ಕಾಲ ಅವರು ಯಾರನ್ನೂ ಎಬ್ಬಿಸಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದರು: ಪಾಲಿಸಿಯ ಮಿತಿ ಹತ್ತು ಸಾವಿರ, ಆಸ್ಪತ್ರೆಗೆ ಐವತ್ತಾದರೆ ಉಳಿದ ನಲವತ್ತು, ಅದನ್ನು ಎಂಬತ್ತಮೂರೂವರೆಯಿಂದ ಗುಣಿಸಿದರೆ. ವಿದೇಶದಲ್ಲಿ ಹಿರಿಯರ ಪ್ರಾಣಕ್ಕೆ ದೊಡ್ಡ ಅಪಾಯವೆಂದರೆ ಈ ಗುಣಾಕಾರವೇ. ಮಕ್ಕಳಿಗೆ ಖರ್ಚು ಬರುತ್ತದೆಂದು ನೋವನ್ನು ನುಂಗಿ ಕುಳಿತ ತಂದೆ-ತಾಯಿಗಳ ಕಥೆ ಎಷ್ಟೋ ಮನೆಗಳಲ್ಲಿ ಉಂಟು. ಅವುಗಳಲ್ಲಿ ಕೆಲವನ್ನು ಹೇಳಲು ಆ ತಂದೆ-ತಾಯಿಗಳು ಉಳಿದಿಲ್ಲ. ಮಗುವಿಗೆ ಹಾಲುಣಿಸಲು ಎದ್ದ ಮಗಳಿಗೆ ನೆರವಾಗಲು ಬಂದ ಪತ್ನಿಯು ದೀಪದ ಬೆಳಕಿನಲ್ಲಿ ಅವರ ಮುಖದ ಬೆವರು ಕಂಡು ಕೂಗಿಕೊಂಡರು. ಎಂಟು ನಿಮಿಷದಲ್ಲಿ ಆಂಬುಲೆನ್ಸ್ ಬಂದಿತು.

ಒಂದು ಮಾತನ್ನು ಹೇಳಲೇಬೇಕು. ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಣದ ಮಾತೆತ್ತುವ ಮುನ್ನ ಚಿಕಿತ್ಸೆ ಆರಂಭವಾಯಿತು. ಮೆಡಿಕೇರ್ ಹಣ ಪಡೆಯುವ, ತುರ್ತು ವಿಭಾಗವುಳ್ಳ ಯಾವ ಆಸ್ಪತ್ರೆಯೂ, ಬಂದ ರೋಗಿಯನ್ನು ಹಣವಿಲ್ಲವೆಂದು ಪರೀಕ್ಷಿಸದೆ, ಸ್ಥಿಮಿತಕ್ಕೆ ತಾರದೆ ಕಳುಹಿಸಕೂಡದೆಂಬ ಕಾನೂನು ಅಲ್ಲಿ 1986ರಿಂದ ಇದೆ. ಮುಂಗಡ ಕಟ್ಟಿದ ರಸೀದಿ ತೋರಿಸಿದ ಮೇಲೆ ಸ್ಟ್ರೆಚರ್ ಸರಿಯುವುದನ್ನು ಕಂಡವರಿಗೆ ಇದು ಆಶ್ಚರ್ಯ. ಬಿಲ್ಲು ಬಾರದೆಂದು ಇದರ ಅರ್ಥವಲ್ಲ. ಆಮೇಲೆ ಬರುತ್ತದೆ, ಒಂದೇ ಆಗಿ ಬರುವುದೂ ಇಲ್ಲ. ಆಂಜಿಯೋಗ್ರಾಂ ಮಾಡಿದರು. ಪರದೆಯ ಮೇಲೆ ಹಳೆಯ ಸ್ಟೆಂಟು ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲವೆಂದು ಬರೆದಿದ್ದರೆ ಅದೇ ಚಿತ್ರ ಸಾಕ್ಷಿಯಾಗುತ್ತಿತ್ತು. ಸಣ್ಣ ಕವಲೊಂದು ಕಿರಿದಾಗಿತ್ತು, ಔಷಧಿಯಿಂದಲೇ ನಿಭಾಯಿಸಬಹುದೆಂದರು. ಎರಡು ರಾತ್ರಿ ಇಟ್ಟುಕೊಂಡರು. ಸಂಜೆ ಐದೂವರೆಗೇ ರಾತ್ರಿಯ ಊಟದ ತಟ್ಟೆ ಬಂದುದನ್ನು ಕಂಡು, ಇವರಿಗೆ ಯಾರು ಹೇಳಿದರು ಎಂದು ಹಿರಿಯರು ಬೆರಗಾದರು. ಅಲ್ಲಿಯ ಆಸ್ಪತ್ರೆಗಳ ಪದ್ಧತಿಯೇ ಹಾಗೆ.

ಆಗಸ್ಟ್ ತಿಂಗಳಲ್ಲಿ ಲಕೋಟೆಗಳು ಬರತೊಡಗಿದವು. ಆಸ್ಪತ್ರೆಯದು ಒಂದು, ಹೃದಯ ವೈದ್ಯರ ಸಂಸ್ಥೆಯದು ಒಂದು, ಪ್ರಯೋಗಾಲಯದ್ದು ಒಂದು, ಆಂಬುಲೆನ್ಸಿನದು ಒಂದು. ಒಟ್ಟು 48,600 ಡಾಲರು. ಪತ್ನಿಯು ಮೊತ್ತವನ್ನು ರೂಪಾಯಿಯಲ್ಲಿ ಕೇಳಿ ಗೋಡೆಗೆ ಒರಗಿದರು. “ನೀವು ಇದ್ದುದನ್ನು ಇದ್ದ ಹಾಗೆ ಬರೆದು ಏನು ಸಿಕ್ಕಿತು? ಆ ಹುಡುಗ ಹೇಳಿದಂತೆ ಬರೆದಿದ್ದರೆ ಎಲ್ಲವನ್ನೂ ಅವರೇ ಕೊಡುತ್ತಿದ್ದರಲ್ಲ?” ಕೊಡುತ್ತಿರಲಿಲ್ಲ, ಈ ಹತ್ತು ಸಾವಿರವನ್ನೂ ಕೊಡುತ್ತಿರಲಿಲ್ಲ ಎಂದು ಹಿರಿಯರು ತಿಳಿಸಿ ಹೇಳಿದರು. ಆಕೆ ಒಪ್ಪಲಿಲ್ಲ. ಆಕೆಯ ಕೋಪ ಕಂಪನಿಯ ಮೇಲಲ್ಲ, ಎರಡು ಗಂಟೆ ಸುಮ್ಮನೆ ಕುಳಿತ ಗಂಡನ ಮೇಲೆ ಎಂಬುದು ಅವರಿಗೆ ತಡವಾಗಿ ಹೊಳೆಯಿತು.

ಆಗ ಅಳಿಯನು ಒಂದು ದಾರಿ ಕಂಡುಹಿಡಿದನು. ಲಾಭದ ಉದ್ದೇಶವಿಲ್ಲದ್ದೆಂದು ತೆರಿಗೆ ವಿನಾಯಿತಿ ಪಡೆದ ಅಲ್ಲಿಯ ಆಸ್ಪತ್ರೆಗಳು, ಅನುಕೂಲವಿಲ್ಲದ ರೋಗಿಗಳಿಗೆ ನೆರವು ನೀಡುವ ನೀತಿಯೊಂದನ್ನು ಲಿಖಿತವಾಗಿ ಇಟ್ಟಿರಬೇಕೆಂದು 2010ರ ಆರೋಗ್ಯ ಕಾನೂನು ವಿಧಿಸಿದೆ. ಅರ್ಜಿ ಕೊಟ್ಟು, ಆದಾಯ ಕಡಿಮೆಯೆಂದು ಕಂಡರೆ ಬಿಲ್ಲಿನಲ್ಲಿ ಭಾಗಶಃ, ಕೆಲವೊಮ್ಮೆ ಪೂರ್ತಿ ಬಿಡುವುದುಂಟು. ಎಷ್ಟೋ ಭಾರತೀಯ ಕುಟುಂಬಗಳಿಗೆ ಇದು ತಿಳಿದಿಲ್ಲ. ತಿಳಿದು ಅರ್ಹರು ಕೇಳುವುದರಲ್ಲಿ ನಾಚಿಕೆಯೂ ಇಲ್ಲ. ಆಸ್ಪತ್ರೆಯ ನೆರವಿನ ಅಧಿಕಾರಿಯು ನಾಲ್ಕು ಪುಟದ ಅರ್ಜಿ ಕೊಟ್ಟರು. ಆದಾಯ, ಬ್ಯಾಂಕಿನ ಶಿಲ್ಕು, ಸ್ಥಿರಾಸ್ತಿ.

“ಮಾವ, ಇಲ್ಲಿ ನಿಮಗೆ ಆದಾಯವಿಲ್ಲ, ಬ್ಯಾಂಕಿನ ಖಾತೆಯಿಲ್ಲ, ಮನೆಯಿಲ್ಲ. ಎಲ್ಲದಕ್ಕೂ ಸೊನ್ನೆ ಎಂದು ಬರೆಯೋಣ. ಈ ದೇಶದ ಮಟ್ಟಿಗೆ ಅದು ಸುಳ್ಳಲ್ಲ. ಹಾಸನದ ಅಂಗಡಿಯನ್ನು ಅವರು ಹುಡುಕಿಕೊಂಡು ಹೋಗುವುದಿಲ್ಲ.”

ಅಳಿಯ ಕೆಟ್ಟವನಲ್ಲ. ಮಾವನ ಗೌರವ, ತನ್ನ ಸಂಸಾರದ ಸಾಲ, ಎರಡನ್ನೂ ಉಳಿಸಲು ನೋಡಿದವನು. ಮಗಳು ಏನೂ ಹೇಳದೆ ಮಗುವನ್ನು ತೊಡೆಯ ಮೇಲೆ ತಟ್ಟುತ್ತ ತಂದೆಯ ಮುಖವನ್ನೇ ನೋಡುತ್ತಿದ್ದಳು.

ಹಿರಿಯರಿಗೆ ಆ ನಾಲ್ಕು ಪುಟಗಳು ಎಲ್ಲಿಯೋ ಕಂಡಂತಿದ್ದವು. ಟ್ರಸ್ಟಿನ ನೆರವಿನ ಅರ್ಜಿಯನ್ನು ರಚಿಸಿದವರು ಅವರೇ. ಅದೇ ಕಾಲಮುಗಳು, ಅದೇ ಕ್ರಮ. 2019ರಲ್ಲಿ ಹೊಲಿಗೆ ಅಂಗಡಿಯ ಶ್ರಾವಕರೊಬ್ಬರು ಪತ್ನಿಯ ಶಸ್ತ್ರಚಿಕಿತ್ಸೆಗೆ ಅರವತ್ತು ಸಾವಿರ ರೂಪಾಯಿ ಕೇಳಿ ಬಂದಿದ್ದರು. ಸ್ಥಿರಾಸ್ತಿಯ ಎದುರು ಇಲ್ಲವೆಂದು ಬರೆದಿದ್ದರು. ವಿಚಾರಿಸಿದಾಗ ಅವರ ಹೆಸರಿನಲ್ಲಿ ಮೂವತ್ತು-ನಲವತ್ತು ಅಡಿಯ ನಿವೇಶನವೊಂದು ಇರುವುದು ತಿಳಿಯಿತು. ಖಜಾಂಚಿಯವರು ಕೆಂಪು ಮಸಿಯಲ್ಲಿ “ಆಸ್ತಿಯನ್ನು ಮರೆಮಾಚಿದ್ದಾರೆ, ತಿರಸ್ಕರಿಸಲಾಗಿದೆ” ಎಂದು ಬರೆದು ಕಡತ ಮುಚ್ಚಿದ್ದರು. ಆ ಕೆಂಪು ಮಸಿ ಈಗ ಒಹಾಯೋದ ಅಡುಗೆಮನೆಯ ಮೇಜಿನ ಮೇಲೆ ಕಾಣಿಸಿತು.

ಅವರು ಅಳಿಯನಿಂದ ಪೆನ್ನು ತೆಗೆದುಕೊಂಡು, ಹಾಸನದ ಅಂಗಡಿ, ಮನೆ, ಠೇವಣಿ, ಎಲ್ಲವನ್ನೂ ಡಾಲರಿಗೆ ಪರಿವರ್ತಿಸಿ ಬರೆದರು. ನಿರೀಕ್ಷಿಸಿದಂತೆ ನೆರವಿನ ಅರ್ಜಿ ನಿರಾಕೃತವಾಯಿತು. ಆದರೆ ಅದೇ ಅಧಿಕಾರಿಯು, ಸ್ವಂತವಾಗಿ ಹಣ ಕಟ್ಟುವವರಿಗೆ ರಿಯಾಯಿತಿ ಉಂಟು, ಬಾಬುವಾರು ಬಿಲ್ಲು ಕೇಳಿ ಪಡೆಯಿರಿ ಎಂದು ತಿಳಿಸಿದರು. ಬಾಬುವಾರು ನೋಡಿದಾಗ ಒಂದೇ ರಕ್ತಪರೀಕ್ಷೆ ಎರಡು ಬಾರಿ ನಮೂದಾಗಿರುವುದನ್ನು ಹಿರಿಯರು ಕಿರ್ದಿ ತಾಳೆ ನೋಡಿದ ಕಣ್ಣಿನಿಂದ ಹಿಡಿದರು. ಎಲ್ಲವೂ ಸೇರಿ ಮೊತ್ತವು 27,100 ಡಾಲರಿಗೆ ಇಳಿಯಿತು. ಭಾರತದ ಕಂಪನಿಯು ಹತ್ತು ಸಾವಿರದಲ್ಲಿ ಪಾಲಿಸಿದಾರನ ಪಾಲಿನ ನೂರು ಡಾಲರ್ ಕಳೆದು 9,900 ಕೊಟ್ಟಿತು. ಉಳಿದದ್ದು 17,200, ಆಗಿನ ದರದಲ್ಲಿ ಸುಮಾರು 14,36,000 ರೂಪಾಯಿ.

ಮಗಳ ಸಂಸಾರದಿಂದ ಆ ಹಣ ಹೋಗುವುದಕ್ಕೆ ಅವರು ಸಮ್ಮತಿಸಲಿಲ್ಲ. ಆಸ್ಪತ್ರೆಯವರು ಕಂತುಗಳಿಗೆ ಒಪ್ಪಿದರು. ಸೆಪ್ಟೆಂಬರ್ ಮೊದಲ ವಾರ ಊರಿಗೆ ಬಂದ ಹಿರಿಯರು, ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಬ್ಯಾಂಕಿನ ಮೂಲಕ ಹಣ ಕಳುಹಿಸಿದರು. ಇಲ್ಲಿಯೂ ಒಂದು ಕಾಲಮು: ಉದ್ದೇಶವೇನು? ಆ ವರ್ಷದ ನಿಯಮದಂತೆ, ಏಳು ಲಕ್ಷ ಮೀರಿದ ಮೊತ್ತದ ಮೇಲೆ ವೈದ್ಯಕೀಯ ಚಿಕಿತ್ಸೆಯಾದರೆ ಶೇಕಡಾ 5, ಸಂಬಂಧಿಕರ ಪೋಷಣೆ ಅಥವಾ ಕೊಡುಗೆಯಾದರೆ ಶೇಕಡಾ 20 ತೆರಿಗೆಯನ್ನು ಮೂಲದಲ್ಲಿಯೇ ವಸೂಲು ಮಾಡುತ್ತಿದ್ದರು. ಬಿಲ್ಲುಗಳನ್ನು ಜೋಪಾನವಾಗಿ ತಂದಿದ್ದುದರಿಂದ ಸುಮಾರು 36,800 ರೂಪಾಯಿಯಲ್ಲಿ ಮುಗಿಯಿತು. ಅದೂ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಾಣಿಕೆಯಾಗತಕ್ಕ ಹಣ.

ಆದರೆ ಹದಿನಾಲ್ಕು ಲಕ್ಷವನ್ನು ಕೂಡಿಸುವುದು ಕಾಗದದ ಮೇಲೆ ತೋರಿದಷ್ಟು ಸುಲಭವಾಗಲಿಲ್ಲ. ಠೇವಣಿಗಳನ್ನು ಮುರಿದರೂ ಒಂಬತ್ತು ಲಕ್ಷ. ದೀಪಾವಳಿಯ ಸರಕಿಗೆ ಸೂರತ್ತಿನ ವರ್ತಕರಿಗೆ ಕೊಡಬೇಕಾದ ಬಾಕಿ ಬೇರೆ. ಅಂಗಡಿಯ ಕಟ್ಟಡ ಕೋಟಿ ಬೆಲೆ ಬಾಳುತ್ತದೆಂದು ಊರು ಹೇಳುತ್ತದೆ. ಅದರ ಗೋಡೆಯಿಂದ ಒಂದು ಇಟ್ಟಿಗೆ ತೆಗೆದು ಆಸ್ಪತ್ರೆಗೆ ಕೊಡಲಾಗುವುದಿಲ್ಲ. ಕೊನೆಗೆ ಅದನ್ನೇ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಮಾಡಿದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ, ಆಸ್ತಿವಂತನ ಕೈ ಬರಿದಾಗಿರುವುದು ಹೇಗೆಂದು ತಿಳಿಯಿತು.

ದಶಲಕ್ಷಣ ಪರ್ವ ಮುಗಿದ ಮೇಲೆ, ಎಲ್ಲರೂ ಎಲ್ಲರಲ್ಲಿಯೂ ಕ್ಷಮೆ ಕೇಳುವ ದಿನ, ಅವರು ಟ್ರಸ್ಟಿನ ಬೀರುವಿನಿಂದ 2019ರ ಕಡತ ತೆಗೆಸಿದರು. ಅರ್ಜಿಯ ಹಿಂಬದಿಯಲ್ಲಿ, ಆಗ ಯಾರೂ ತಿರುಗಿಸಿ ನೋಡದಿದ್ದ ಕಡೆ, ಪೆನ್ಸಿಲಿನಲ್ಲಿ ಎರಡು ಸಾಲಿತ್ತು: ನಿವೇಶನವು ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿದೆ, ಮಾರಲು ಬರುವುದಿಲ್ಲ.

ಅವರು ಆ ದಿನ ಸಂಜೆಯೇ ಹೊಲಿಗೆ ಅಂಗಡಿಗೆ ಹೋದರು. ಯಂತ್ರವನ್ನು ನಿಲ್ಲಿಸಿ ಎದ್ದು ನಿಂತ ಆ ಶ್ರಾವಕರು ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ನೀರು ತರಿಸಿದರು. ಹೆಂಡತಿಯ ಶಸ್ತ್ರಚಿಕಿತ್ಸೆಯು ಆಕೆಯ ಬಳೆ ಮತ್ತು ಸರ ಮಾರಿದ ಹಣದಲ್ಲಿ ಆ ವರ್ಷವೇ ಆಗಿತ್ತು. ಆಕೆ ಚೆನ್ನಾಗಿದ್ದಾರೆ. ದಾವೆ ಇನ್ನೂ ನಡೆಯುತ್ತಿದೆ.

“ಆ ಕಾಲಮಿನಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ ಸಾಹುಕಾರರೇ. ಇದೆ ಎಂದರೆ ಕೈಗೆ ಬರುವುದಿಲ್ಲ, ಇಲ್ಲ ಎಂದರೆ ದಾಖಲೆಯಲ್ಲಿದೆ. ಇಲ್ಲ ಎಂದು ಬರೆದದ್ದು ನನ್ನದೂ ತಪ್ಪೇ.”

ಹಿರಿಯರು ಅರವತ್ತು ಸಾವಿರವನ್ನು ಈಗ ಕೊಡಿಸುವ ಮಾತೆತ್ತಿದರು. ಅವರು ಬೇಡವೆಂದರು, ಬೇಕಾದವರು ಯಾರಾದರೂ ಇದ್ದೇ ಇರುತ್ತಾರೆ, ಅವರಿಗಾಗಲಿ ಎಂದರು. ಹೊರಡುವಾಗ ಹಿರಿಯರು ಕೈಮುಗಿದರು. ಹಬ್ಬದ ದಿನವಾದ್ದರಿಂದ ಅಂಗಡಿಯಲ್ಲಿದ್ದ ಹುಡುಗನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಅಕ್ಟೋಬರಿನ ಸಭೆಯಲ್ಲಿ ಖಜಾಂಚಿಯವರು ಟ್ರಸ್ಟಿನ ಅರ್ಜಿಯ ಹೊಸ ನಮೂನೆಯೊಂದನ್ನು ಮುಂದಿಟ್ಟರು. ಸ್ಥಿರಾಸ್ತಿಯ ಕಾಲಮಿನ ಕೆಳಗೆ, ಅದರಿಂದ ಈಗ ಹಣ ಪಡೆಯಲು ಸಾಧ್ಯವೇ, ಇಲ್ಲವಾದರೆ ಏಕೆ ಎಂದು ಬರೆಯಲು ನಾಲ್ಕು ಸಾಲಿನ ಜಾಗ ಬಿಟ್ಟಿದ್ದರು. ಅರ್ಜಿ ಉದ್ದವಾಯಿತೆಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಅಚ್ಚಿನ ಖರ್ಚು ಹೆಚ್ಚಾಗದೆಂದು ಲೆಕ್ಕ ತೋರಿಸಿದ ಮೇಲೆ ಒಪ್ಪಿಗೆಯಾಯಿತು.

ವೀಸಾ 2034ರವರೆಗೆ ಇದೆ. ಮಗಳು ಪ್ರತಿ ಭಾನುವಾರ ಫೋನಿನಲ್ಲಿ ಕರೆಯುತ್ತಾಳೆ. ಪತ್ನಿಯು ಮೊಮ್ಮಗಳಿಗೆ ಹೊಲಿಸಿದ ರೇಷ್ಮೆಯ ಲಂಗ ಆಗಲೇ ಒಂದು ಅಂಗುಲ ಚಿಕ್ಕದಾಗಿದೆಯಂತೆ. ಬ್ಯಾಂಕಿನ ಸಾಲದಲ್ಲಿ ಹತ್ತೊಂಬತ್ತು ಕಂತುಗಳು ಉಳಿದಿವೆ.